ರೇಷ್ಮೆಯ ಹೂವು, ಬೇಲಿ ಹಾಕಿದ ತೋಟ



ನಮ್ಮ ದೇವಾಲಯದ ಎಡಪೀಠದ ಮೇಲಿರುವ ಮಾತೆ ಮರಿಯಮ್ಮನವರ ಗಾಜಿನ ಪೆಟ್ಟಿಗೆಯ ಮುಂದೆ ಒಮ್ಮೆಯಾದರೂ ಮೇಣದಬತ್ತಿ ಹಚ್ಚದವರು ನಮ್ಮಲ್ಲಿ ಯಾರೂ ಇರಲಾರರು. ಒಂದು ಮೊಳ ಎತ್ತರದ ಸ್ವರೂಪ, ಸುತ್ತಲೂ ರೇಷ್ಮೆ ನೂಲಿನ ಹೂವುಗಳು, ಪಾದದ ಬಳಿ ಇಬ್ಬರು ಪುಟ್ಟ ದೇವದೂತರು. ಹಿಂದೆ ಕನ್ನಡ ಪೂಜೆಗೆ ಬರುತ್ತಿದ್ದ ನಮ್ಮ ಅಜ್ಜಿಯರು ಸೇರಿ ಮಾಡಿದ ಕೆಲಸ ಅದು. ಈಗ ಬಣ್ಣ ಮಾಸಿದೆ. ಕೆಲವು ದಳಗಳ ನೂಲು ಬಿಚ್ಚಿ ಜೋತುಬಿದ್ದಿದೆ. ತಂತಿಗೆ ತುಕ್ಕು ಹಿಡಿದಿದೆ. ಸೆಪ್ಟೆಂಬರ್ 8ರ ಹಬ್ಬದೊಳಗೆ ಇದನ್ನೆಲ್ಲ ತೆಗೆದು ಹೊಸ ಪ್ಲಾಸ್ಟಿಕ್ ಹೂವು, ಬಣ್ಣದ ಎಲ್‌ಇಡಿ ಸರ ಹಾಕಿಸೋಣ ಎಂಬ ಮಾತು ಪಾಲನಾ ಸಮಿತಿಯಲ್ಲಿ ಬಂದಿದೆ. ಖರ್ಚು ವಹಿಸಿಕೊಳ್ಳಲು ಒಂದು ಕುಟುಂಬವೂ ಮುಂದೆ ಬಂದಿದೆ. ಅವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೂ ಯುವಜನರ ಪರವಾಗಿ ಸ್ವಲ್ಪ ಕಾಲಾವಕಾಶ ಕೇಳಿದೆವು. "ಕೇಳುವುದಾದರೆ ಓದಿಕೊಂಡು ಬಂದು ಕೇಳಿ" ಎಂದರು ಸ್ವಾಮಿಯವರು. ಹಾಗೆ ಓದಿಕೊಂಡದ್ದನ್ನೇ ಈ ತಿಂಗಳ ಅಧ್ಯಯನ ಪುಟದಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಇಂಥ ಪೆಟ್ಟಿಗೆ ನಮ್ಮ ಅಜ್ಜಿಯರ ಕಲ್ಪನೆ ಮಾತ್ರವಲ್ಲ, ಧರ್ಮಸಭೆಯಲ್ಲಿ ಐನೂರು ವರ್ಷಗಳಿಗೂ ಹಿಂದಿನಿಂದ ಬಂದ ರೂಢಿ. ಅದರ ಅತ್ಯಂತ ಸೊಗಸಾದ ಉದಾಹರಣೆ ಬೆಲ್ಜಿಯಂ ದೇಶದ ಮೆಖೆಲೆನ್ ಎಂಬ ಪಟ್ಟಣದಲ್ಲಿದೆ. ಫ್ರೆಂಚರು ಇದೇ ಊರನ್ನು ಮಾಲಿನ್ ಎನ್ನುತ್ತಾರೆ. ಎರಡು ಮೂರು ಭಾಷೆಯವರು ಒಂದೇ ಊರನ್ನು ಎರಡು ಮೂರು ಹೆಸರಿನಿಂದ ಕರೆಯುವುದು ಗಡಿಯಲ್ಲಿರುವ ನಮಗೇನೂ ಹೊಸದಲ್ಲ.

ಮೆಖೆಲೆನ್ನಿನಲ್ಲಿ ಸಂತ ಅಗಸ್ಟೀನರ ನಿಯಮವನ್ನು ಅನುಸರಿಸುತ್ತಿದ್ದ ಧಾರ್ಮಿಕ ಭಗಿನಿಯರು ಒಂದು ಆಸ್ಪತ್ರೆ ನಡೆಸುತ್ತಿದ್ದರು. ಹಗಲೆಲ್ಲ ರೋಗಿಗಳ ಸೇವೆ. ಅವರ ಮಠದಲ್ಲಿ 16ನೇ ಶತಮಾನದ ಮೊದಲ ಭಾಗದ ಏಳು ಮರದ ಪೆಟ್ಟಿಗೆಗಳು ಉಳಿದುಬಂದಿವೆ. ಅವುಗಳಿಗೆ 'ಬೇಲಿ ಹಾಕಿದ ತೋಟಗಳು' ಎಂಬ ಅರ್ಥದ ಹೆಸರಿದೆ. ಹೆಸರು ಬಂದದ್ದು ಪವಿತ್ರ ಬೈಬಲಿನಿಂದ. ಪರಮಗೀತೆ 4ನೇ ಅಧ್ಯಾಯದ 12ನೇ ವಚನ ತೆರೆದು ನೋಡಿ: ಅಲ್ಲಿ ವಧುವನ್ನು ಮುಚ್ಚಿದ ತೋಟಕ್ಕೆ ಹೋಲಿಸಲಾಗಿದೆ. ಆ ತೋಟವೆಂದರೆ ಕನ್ಯಾಮರಿಯಮ್ಮನವರೇ ಎಂದು ಧರ್ಮಸಭೆಯ ಹಿರಿಯರು ಅರ್ಥ ಹೇಳುತ್ತಾ ಬಂದರು. ಮಠದ ಗೋಡೆಯೊಳಗೆ ಬಾಳುತ್ತಿದ್ದ ಭಗಿನಿಯರಿಗೆ ಆ ತೋಟ ತಮ್ಮ ಜೀವನದ ಚಿತ್ರವೂ ಆಗಿತ್ತು.

ಪೆಟ್ಟಿಗೆಯೊಳಗೆ ಏನಿದೆ? ಮೊದಲು ಕಣ್ಣಿಗೆ ಬೀಳುವುದು ಹೂವು. ಒಂದೆರಡಲ್ಲ, ಹಿಂಬದಿಯ ಹಲಗೆ ಕಾಣದಷ್ಟು. ತೆಳು ತಂತಿಗೆ, ಚರ್ಮಪತ್ರದ ಕಿರುಪಟ್ಟಿಗಳಿಗೆ ರೇಷ್ಮೆ ನೂಲು ಸುತ್ತಿ ಮಾಡಿದ ಹೂವು, ಎಲೆ, ದ್ರಾಕ್ಷಿ ಗೊಂಚಲು. ನಡುವೆ ಮರದಲ್ಲಿ ಕೆತ್ತಿ ಬಣ್ಣ ಬಳಿದ ಸಂತರ ಪುಟ್ಟ ಸ್ವರೂಪಗಳು. ಒಂದು ಪೆಟ್ಟಿಗೆಯಲ್ಲಿ ಸಂತ ಎಲಿಜಬೇತ್, ಸಂತ ಉರ್ಸುಲಾ, ಸಂತ ಕ್ಯಾಥರಿನ್ ಮೂವರೂ ನಿಂತಿದ್ದಾರೆ. ಹೂಗಳ ಸಂದಿನಲ್ಲಿ ಮೇಣದ ಪದಕಗಳು, ಗಾಜಿನ ಮಣಿಗಳು, ರೇಷ್ಮೆ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟ ಪವಿತ್ರ ಅವಶೇಷಗಳು. ಪ್ರತಿ ಅವಶೇಷಕ್ಕೂ ಬೆರಳಗಲದ ಚೀಟಿ, ಅದರ ಮೇಲೆ ಯಾವ ಸಂತರದು ಎಂಬ ಬರಹ. ಮುಂಭಾಗದಲ್ಲಿ ಒಂದು ಪುಟಾಣಿ ಬೇಲಿ. ನಮ್ಮ ಮನೆಗಳ ಗೋದಲಿಗೆ ಮಕ್ಕಳು ಕಡ್ಡಿ ನೆಟ್ಟು ಬೇಲಿ ಕಟ್ಟುತ್ತಾರಲ್ಲ, ಅದೇ ಮನಸ್ಸು.

ಆ ಪುಟ್ಟ ಸ್ವರೂಪಗಳದೇ ಒಂದು ಕಥೆ. 'ಮೆಖೆಲೆನ್ ಗೊಂಬೆಗಳು' ಎಂದೇ ಹೆಸರಾದ ಇವನ್ನು ಊರಿನ ಕೆತ್ತನೆಗಾರರು ಹೆಚ್ಚಾಗಿ ಅಕ್ರೋಟಿನ ಮರದಲ್ಲಿ ಮಾಡಿ ಮಾರುತ್ತಿದ್ದರು. ದುಂಡು ಮುಖ, ಅಗಲ ಹಣೆ, ಸಣ್ಣ ಕಣ್ಣು, ತುಟಿಯಲ್ಲಿ ಸ್ವಲ್ಪವೇ ನಗು. ಮರದ ಗುಣಮಟ್ಟ ಪರೀಕ್ಷಿಸಿ ಪಟ್ಟಣದ ಲಾಂಛನದ ಮೂರು ಗೆರೆಗಳ ಮುದ್ರೆ ಹೊಡೆಯುತ್ತಿದ್ದರು. ಬಣ್ಣ ಬಳಿದ ಮೇಲೆ ಬೇರೆ ಮುದ್ರೆ. ಇಂದು ರೇಷ್ಮೆ ಸೀರೆಗೆ ಸಿಲ್ಕ್ ಮಾರ್ಕ್ ನೋಡಿ ಕೊಳ್ಳುತ್ತೇವಲ್ಲ, ಹಾಗೆಯೇ ಭಕ್ತರು ಅಂದು ಮುದ್ರೆ ನೋಡಿ ಕೊಳ್ಳುತ್ತಿದ್ದರು ಎನ್ನಬಹುದು. ಸ್ವರೂಪವನ್ನು ಕಸುಬುದಾರರಿಂದ ತಂದು, ಅದರ ಸುತ್ತಲಿನ ತೋಟವನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ನೂಲಿನಲ್ಲಿ ಬೆಳೆಸುವುದು: ಈ ಕೈಕೆಲಸವನ್ನು ಬಹುಕಾಲದಿಂದ ಭಗಿನಿಯರದೆಂದೇ ಹೇಳಿಕೊಂಡು ಬಂದಿದ್ದಾರೆ.

2014ರಿಂದ ಕೆಲವು ವರ್ಷ ಈ ಏಳು ತೋಟಗಳ ಸಂರಕ್ಷಣೆಯ ಕೆಲಸ ನಡೆಯಿತು. ಬಟ್ಟೆ, ಮರ, ಮೇಣ, ಕಾಗದ, ಲೋಹ, ಗಾಜು, ಒಂದೊಂದಕ್ಕೂ ಬೇರೆ ಬೇರೆ ತಜ್ಞರು ಕೂತರು. 2018ರಲ್ಲಿ ಪುನಃ ತೆರೆದ ಅಲ್ಲಿಯ ಹೋಫ್ ಫಾನ್ ಬುಸ್ಲೆಯ್ಡನ್ ವಸ್ತುಸಂಗ್ರಹಾಲಯದಲ್ಲಿ ಈಗ ಅವನ್ನು ಕಾಣಬಹುದು. ಆ ಕಟ್ಟಡ ಹಿಂದೆ ಹಿರೋನಿಮಸ್ ಬುಸ್ಲೆಯ್ಡನ್ ಎಂಬ ವಿದ್ವಾಂಸರ ಮನೆ. 1515ರ ಸುಮಾರಿಗೆ ಆ ಮನೆಗೆ ಅತಿಥಿಯಾಗಿ ಬಂದು ಮೆಚ್ಚಿ ಪದ್ಯ ಬರೆದವರು ಯಾರು ಗೊತ್ತೇ? ನಮ್ಮ ಸಂತ ಥಾಮಸ್ ಮೋರ್. ಧರ್ಮೋಪದೇಶದ ರಸಪ್ರಶ್ನೆಗೆ ಒಳ್ಳೆಯ ಪ್ರಶ್ನೆ, ಬರೆದಿಟ್ಟುಕೊಳ್ಳಿ.

ಇಲ್ಲಿ ಗಮನಿಸಬೇಕಾದದ್ದು ಅವರು ಕೆಲಸ ಮಾಡಿದ ರೀತಿ. ಮಾಸಿದ ಹೂವನ್ನು ಕಿತ್ತು ಹೊಸದು ಹಾಕಲಿಲ್ಲ. ಧೂಳು ತೆಗೆದರು, ಬಿಚ್ಚಿದ್ದನ್ನು ಭದ್ರ ಮಾಡಿದರು, ಹಳೆಯದನ್ನು ಹಳೆಯದಾಗಿಯೇ ಉಳಿಸಿದರು.

ಹಾಗಾದರೆ ಈ ಕಲೆ ನಡುವೆ ಮರೆಯಾದದ್ದು ಏಕೆ? ಅಭಿರುಚಿ ಬದಲಾದದ್ದು ಒಂದು ಕಾರಣ, ಅರಸರ ಆಜ್ಞೆ ಇನ್ನೊಂದು. ಆಸ್ಟ್ರಿಯಾದ ಚಕ್ರವರ್ತಿ ಎರಡನೆಯ ಜೋಸೆಫ್ 1782ರಿಂದ ತನ್ನ ಆಳ್ವಿಕೆಯ ನಾಡುಗಳಲ್ಲಿ ಪ್ರಾರ್ಥನೆಗೇ ಮೀಸಲಾದ ಮಠಗಳನ್ನು 'ಉಪಯೋಗವಿಲ್ಲದವು' ಎಂದು ಮುಚ್ಚಿಸತೊಡಗಿದ. ರೋಗಿಗಳ ಸೇವೆ, ಮಕ್ಕಳ ಶಿಕ್ಷಣದಲ್ಲಿದ್ದವರನ್ನು ಮಾತ್ರ ಬಿಟ್ಟ. 1803ರಲ್ಲಿ ಬವೇರಿಯಾದಲ್ಲೂ ಮಠಗಳು ಮುಚ್ಚಿದವು. ಹೂವು ಸುತ್ತುತ್ತಿದ್ದ ಕೈಗಳು ಚದುರಿಹೋದವು. ಆದರೂ ಕಲೆ ಪೂರ್ತಿ ಸಾಯಲಿಲ್ಲ. ಬವೇರಿಯಾ, ಆಸ್ಟ್ರಿಯಾ ಕಡೆ 'ಮಠದ ಕೈಕೆಲಸ' ಎಂಬ ಹೆಸರಿನಲ್ಲೇ ಗೃಹಸ್ಥ ಹೆಂಗಸರು ಈಚಿನ ದಶಕಗಳಲ್ಲಿ ತರಗತಿ ನಡೆಸಿ ಮತ್ತೆ ಕಲಿತಿದ್ದಾರೆ. ಮಾಲ್ಟಾ ದ್ವೀಪದಲ್ಲಿ ಇದಕ್ಕೆ 'ಗನುಟೆಲ್' ಎನ್ನುತ್ತಾರೆ. ಅಲ್ಲಿ ಪೀಠಗಳಿಗೆ, ಸಂತರ ಸ್ವರೂಪಗಳಿಗೆ ಇದೇ ಹೂವು. ಅಲ್ಲಿಯೂ ನಿಂತುಹೋಗುವ ಹಂತಕ್ಕೆ ಬಂದು, ಬಲ್ಲ ಕೆಲವರು ಕಲಿಸಿದ್ದರಿಂದ ಉಳಿಯಿತು. ಬಲ್ಲವರು ಇರುವಾಗಲೇ ಕಲಿಯುವುದು ಎಂಬುದು ನಮಗೂ ತುರ್ತಾದ ಮಾತು. ಅದಕ್ಕೆ ಮುಂದೆ ಬರುತ್ತೇವೆ.

ಇನ್ನು ರೇಷ್ಮೆಯ ವಿಷಯ. ಇದರಲ್ಲಿ ಮೆಖೆಲೆನ್ನಿನವರಿಗಿಂತ ನಾವೇ ಭಾಗ್ಯವಂತರು. ಹೊಸೂರು, ತಳಿ, ದೇನ್ಕನಿಕೋಟೆ ಕಡೆ ಹಿಪ್ಪುನೇರಳೆ ತೋಟವಿಲ್ಲದ ಹಳ್ಳಿ ಹುಡುಕಬೇಕು. ಹೊಸೂರಿನಲ್ಲೇ ಸರ್ಕಾರದ ಗೂಡಿನ ಮಾರುಕಟ್ಟೆ ಇದೆ, ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವೂ ಇದೆ. ಚಂದ್ರಿಕೆಯಿಂದ ಗೂಡು ಬಿಡಿಸಿ ಬೆರಳು ಜಿಡ್ಡಾದ ಅನುಭವ ನಮ್ಮ ಅರ್ಧದಷ್ಟು ಮನೆಗಳ ಮಕ್ಕಳಿಗಿದೆ. ಆ ಜಿಡ್ಡಿನ ಅಂಟಿಗೆ ಸೆರಿಸಿನ್ ಎನ್ನುತ್ತಾರೆ. ಒಳಗಿನ ನಿಜವಾದ ಎಳೆ ಫೈಬ್ರಾಯಿನ್. ಹುಳು ತನ್ನ ಬಾಯಿಂದ ಎರಡು ಎಳೆಗಳನ್ನು ಒಟ್ಟಿಗೆ ಬಿಟ್ಟು, ಅಂಟಿನಿಂದ ಒಂದಾಗಿಸುತ್ತಾ ಹೋಗುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಈ ಎಳೆ ಸುಮಾರು 1000 ಮೀಟರ್ ಉದ್ದ ಇರುತ್ತದೆ. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಅಂಟೇ. ಸಾಬೂನು ನೀರಿನಲ್ಲಿ ಕುದಿಯಲು ಸ್ವಲ್ಪ ಕಡಿಮೆ ಇರುವ ಬಿಸಿಯಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಅಂಟು ಬಿಡುತ್ತದೆ, ನೂಲು ಮೆತ್ತಗಾಗಿ ಹೊಳಪು ಬರುತ್ತದೆ. ಎಳೆ ಅಡ್ಡಸೀಳಿನಲ್ಲಿ ಮುಮ್ಮೂಲೆಯಾಗಿರುವುದರಿಂದ ಬೆಳಕು ಅದರ ಮೇಲೆ ಕನ್ನಡಿಯಂತೆ ಜಾರುತ್ತದೆ. ಹುರಿ ಹೆಚ್ಚು ಮಾಡಿದಷ್ಟೂ ಹೊಳಪು ಕಡಿಮೆ. ಆದ್ದರಿಂದ ಹೂವಿಗೆ ಹುರಿ ಕಡಿಮೆ ಇರುವ ನೂಲೇ ಬೇಕು.

ಒಂದು ಎಚ್ಚರಿಕೆ. ಬಳೆಗೆ, ಜುಮುಕಿಗೆ ಸುತ್ತಲು 'ಸಿಲ್ಕ್ ಥ್ರೆಡ್' ಎಂದು ಮಾರುವ ಬಣ್ಣಬಣ್ಣದ ನೂಲು ಬಹುಪಾಲು ರೇಷ್ಮೆಯಲ್ಲ. ಪರೀಕ್ಷೆ ಸುಲಭ. ಬೆರಳುದ್ದ ನೂಲನ್ನು ಇಕ್ಕುಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದದಂತೆ ಉರಿದುಹೋದರೆ ರೇಯಾನ್. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಮಾಡಿ.

ಹೂವು ಮಾಡುವ ವಿಧಾನವನ್ನು ಮಾಲ್ಟಾದವರಂತೆ ಹೇಳುತ್ತೇವೆ. ನಮ್ಮ ಪೆಟ್ಟಿಗೆಯ ಹೂಗಳೂ ಹೆಚ್ಚುಕಡಿಮೆ ಹಾಗೆಯೇ ಇವೆ. ಮೊದಲು ತೆಳು ತಂತಿಯನ್ನು ಸ್ವೆಟರ್ ಹೆಣೆಯುವ ಸಣ್ಣ ಕಡ್ಡಿಗೆ ಒತ್ತಾಗಿ ಸುತ್ತಿ ಸ್ಪ್ರಿಂಗಿನಂತೆ ಮಾಡಬೇಕು. ಆರಿ ಕೆಲಸ ಕಲಿತ ಅಕ್ಕಂದಿರಿಗೆ ಇದು ಕೂಡಲೇ ಅರ್ಥವಾಗುತ್ತದೆ: ಅಂಗಡಿಯಲ್ಲಿ ಜರ್ದೋಸಿ ಎಂದು ಕೇಳಿದರೆ ಕೊಡುವ ಸುರುಳಿ ಇದರ ತಮ್ಮನೇ. ಕಡ್ಡಿಯಿಂದ ಜಾರಿಸಿ ತೆಗೆದು, ಸುರುಳಿಯ ಎರಡು ಸುತ್ತುಗಳ ನಡುವೆ ಒಂದು ನೂಲು ಕೂರುವಷ್ಟು ಸಂದು ಬರುವಂತೆ ಮೆಲ್ಲಗೆ ಎಳೆಯಬೇಕು. ಅದರೊಳಗೆ ಸ್ವಲ್ಪ ದಪ್ಪ ತಂತಿ ತೂರಿಸಿ, ದಳದ ಆಕಾರಕ್ಕೆ ಬಗ್ಗಿಸಿ, ಬುಡದಲ್ಲಿ ಎರಡೂ ತುದಿ ಹೊಸೆಯಬೇಕು. ಈಗ ರೇಷ್ಮೆ ನೂಲನ್ನು ಬುಡದಲ್ಲಿ ಗಂಟು ಹಾಕಿ, ಈ ಅಂಚಿನ ಸಂದಿನಿಂದ ಆ ಅಂಚಿನ ಸಂದಿಗೆ ಅಡ್ಡಡ್ಡ ಸುತ್ತುತ್ತಾ ತುದಿಯವರೆಗೆ ಹೋಗುವುದು. ಸುರುಳಿಯ ಗುಟ್ಟೇ ಇದು. ಬರೀ ತಂತಿಗೆ ಸುತ್ತಿದರೆ ನೂಲು ಜಾರಿ ಒಂದೆಡೆ ಗುಂಪಾಗುತ್ತದೆ. ಸಂದಿನಲ್ಲಿ ಕೂತ ನೂಲು ಅಲುಗುವುದಿಲ್ಲ, ಎಳೆಗಳ ನಡುವಿನ ಅಂತರವೂ ಒಂದೇ ಸಮ ಬರುತ್ತದೆ. ಐದು ದಳ ಕೂಡಿಸಿ, ನಡುವೆ ಮಣಿ ಕಟ್ಟಿ, ತೊಟ್ಟಿಗೆ ಹಸಿರು ನೂಲು ಸುತ್ತಿದರೆ ಒಂದು ಹೂವು. ಅಂಟು ಬೇಡ, ಗಂಟು ಸಾಕು. ಅಂಟು ವರ್ಷಗಳಲ್ಲಿ ಹಳದಿಯಾಗಿ ನೂಲನ್ನೂ ಕೆಡಿಸುತ್ತದೆ.

ತಂತಿ ಯಾವುದು ಎಂಬುದು ಸಣ್ಣ ಮಾತಲ್ಲ. ಪೆಟ್ಟಿಗೆಯ ಹಳೆಯ ಹೂಗಳಲ್ಲಿ ನೂಲು ತುಂಡಾದದ್ದೆಲ್ಲ ಕಬ್ಬಿಣದ ತಂತಿ ತುಕ್ಕು ಹಿಡಿದ ಜಾಗದಲ್ಲೇ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ವಾರ್ನಿಶ್ ಲೇಪಿಸಿದ ತಾಮ್ರದ ತಂತಿ ತೂಕಕ್ಕೆ ಸಿಗುತ್ತದೆ. ಸುರುಳಿಗೆ 34 ಗೇಜ್, ಒಳತಂತಿಗೆ 24 ಗೇಜ್ ಸರಿಹೋಗುತ್ತದೆ. ಗೇಜ್ ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು ಎಂಬುದು ನೆನಪಿರಲಿ.

ಬಣ್ಣ ಮಾಸಲು ಕಾರಣ ಬೆಳಕು. ಯೂರೋಪಿನಲ್ಲಿ ಆಗ ಹಸಿರು ಬರಿಸಲು ನೀಲಿಯ ಮೇಲೆ ಹಳದಿ ಅದ್ದುತ್ತಿದ್ದರು. ಹಳದಿ ಬೇಗ ಹಾರುತ್ತದೆ, ನೀಲಿ ಉಳಿಯುತ್ತದೆ. ಹಳೆಯ ಕೆಲಸಗಳಲ್ಲಿ ಎಷ್ಟೋ ಎಲೆಗಳು ಇಂದು ನೀಲಿಯಾಗಿ ಕಾಣುವುದು ಅದಕ್ಕೇ. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಬಟ್ಟೆ, ನೂಲಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ಹಗಲೂ ರಾತ್ರಿ ಉರಿಯುವ ದೀಪದ ಸರವನ್ನು ಪೆಟ್ಟಿಗೆಯೊಳಗೇ ಇಟ್ಟರೆ ಏನಾದೀತು ಎಂದು ನೀವೇ ಲೆಕ್ಕ ಹಾಕಿ. ಎಲ್‌ಇಡಿಯಲ್ಲಿ ಅತಿನೇರಳೆ ಕಿರಣ ಕಡಿಮೆ ಎಂಬುದು ನಿಜ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ.

ದೇವದೂತರ ವಿಷಯ ಚಿಕ್ಕದಾಗಿ. ಮರ ಕೆತ್ತುವುದು ನಮ್ಮಿಂದಾಗದು. ಆದರೆ 18ನೇ ಶತಮಾನದ ನೇಪಲ್ಸ್ ಪಟ್ಟಣದ ಗೋದಲಿಗಳಲ್ಲಿ ಬೇರೆ ಉಪಾಯವಿದೆ. ತಲೆ ಸುಟ್ಟ ಮಣ್ಣಿನದು, ಮೈ ಮಾತ್ರ ತಂತಿಗೆ ನಾರು ಸುತ್ತಿದ್ದು, ಮೇಲೆ ರೇಷ್ಮೆಯ ಉಡುಪು. ತಂತಿಯ ಮೈ ಆದ್ದರಿಂದ ಕೈಕಾಲು ಬೇಕಾದಂತೆ ಬಗ್ಗುತ್ತದೆ. ತೆಂಗಿನ ನಾರು ಒರಟು, ಸೆಣಬು ವಾಸಿ.

ಈಗ ಧರ್ಮಸಭೆ ಏನು ಹೇಳುತ್ತದೆ ನೋಡೋಣ. 1983ರ ಕಾನೂನುಸಂಹಿತೆಯ 1189ನೇ ವಿಧಿಯ ಸಾರ ಇದು: ಪ್ರಾಚೀನತೆ, ಕಲೆ ಅಥವಾ ಜನರ ಭಕ್ತಿಯ ಕಾರಣದಿಂದ ಅಮೂಲ್ಯವಾದ ಸ್ವರೂಪವು ದೇವಾಲಯದಲ್ಲಿ ಭಕ್ತರ ವಂದನೆಗಾಗಿ ಇದ್ದು, ದುರಸ್ತಿಗೆ ಬಂದರೆ, ಧರ್ಮಾಧ್ಯಕ್ಷರ ಲಿಖಿತ ಅನುಮತಿ ಇಲ್ಲದೆ ಅದನ್ನು ನವೀಕರಿಸಬಾರದು, ಅನುಮತಿ ಕೊಡುವ ಮುನ್ನ ಅವರೂ ಬಲ್ಲವರನ್ನು ಕೇಳಬೇಕು. ನಮ್ಮ ಸ್ವರೂಪ ಪ್ರಾಚೀನವಲ್ಲ ಎಂದು ಕೆಲವರು ಹೇಳಿದ್ದಾರೆ. ಇರಬಹುದು. ಆದರೆ ವಿಧಿಯಲ್ಲಿ ಮೂರು ಕಾರಣಗಳಿವೆ. ಮೂರನೆಯದು ಭಕ್ತಿ. ಕನ್ನಡದವರು, ತಮಿಳಿನವರು, ತೆಲುಗಿನವರು ಮೂರೂ ಪೂಜೆಯ ಜನ ಮೊಣಕಾಲೂರುವ ಒಂದೇ ಜಾಗ ಅದು. ವಿಧಿ ಸುತ್ತಲಿನ ಹೂಗಳಿಗೂ ಅನ್ವಯಿಸುತ್ತದೆಯೇ ಎಂದು ನಿರ್ಣಯಿಸುವುದು ಸ್ವಾಮಿಯವರಿಗೆ ಬಿಟ್ಟದ್ದು. ಕೇಳದೆ ಕೈಹಾಕಬಾರದು ಎಂಬುದಷ್ಟೇ ನಮ್ಮ ವಾದ.

ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಯ 292ನೇ ಅಂಕಣವು ದೇವಾಲಯದ ಅಲಂಕಾರದಲ್ಲಿ ಆಡಂಬರಕ್ಕಿಂತ ಘನವಾದ ಸರಳತೆ ಇರಲಿ, ವಸ್ತುಗಳು ನಿಜವಾದವಾಗಿರಲಿ ಎಂದು ಬಯಸುತ್ತದೆ. 305ನೇ ಅಂಕಣದ ಪ್ರಕಾರ ಹೂವು ಮಿತವಾಗಿರಬೇಕು, ಪೀಠದ ಮೇಲಿರುವುದಕ್ಕಿಂತ ಅದರ ಸುತ್ತ ಇರಬೇಕು. ತಪಸ್ಸುಕಾಲದಲ್ಲಿ ನಾಲ್ಕನೆಯ ಭಾನುವಾರ ಹಾಗೂ ಮಹೋತ್ಸವ, ಹಬ್ಬಗಳನ್ನು ಬಿಟ್ಟು ಪೀಠಕ್ಕೆ ಹೂವಿನ ಅಲಂಕಾರವಿಲ್ಲ. ರೇಷ್ಮೆ ಹೂವು ಬಾಡುವುದಿಲ್ಲವೆಂದು ವರ್ಷವಿಡೀ ಪೀಠದ ಮೇಲೆ ಇಟ್ಟುಬಿಡುವಂತಿಲ್ಲ, ಅದರ ಜಾಗ ಪೆಟ್ಟಿಗೆಯೊಳಗೆ.

"ನಮ್ಮೂರಿನಲ್ಲಿ ಗುಲಾಬಿ ಬುಟ್ಟಿಗಟ್ಟಲೆ ಸಿಗುವಾಗ ರೇಷ್ಮೆಯದೇಕೆ?" ಎಂದು ನಮ್ಮ ಸಭೆಯಲ್ಲೇ ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ತಾಜಾ ಹೂವು ತಾಜಾ ಹೂವೇ, ಅದನ್ನು ಬೇಡವೆನ್ನುವುದಿಲ್ಲ. ಆದರೆ ಒಂದು ರೇಷ್ಮೆ ದಳಕ್ಕೆ ಹತ್ತಾರು ಸುತ್ತು ಬೇಕು, ಒಂದು ಹೂವಿಗೆ ಒಂದು ಸಂಜೆ ಹೋಗುತ್ತದೆ. ಆ ಸಂಜೆ ಜಪಸರದ ಹೊತ್ತೂ ಆಗುತ್ತದೆ. ಕೊಂಡು ತಂದ ಪ್ಲಾಸ್ಟಿಕ್ ಹೂವಿನಲ್ಲಿ ಹಣ ಇದೆ, ಹೊತ್ತು ಇಲ್ಲ.

ಪೆಟ್ಟಿಗೆಯ ಧೂಳು ಒರೆಸಲು ಅನುಮತಿ ಸಿಕ್ಕ ದಿನ, ಕೆಳಗಿನ ಹಲಗೆಯಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದ ಐದು ಹೆಂಗಸರ ಹೆಸರು ಕಂಡೆವು. ಜೊತೆಗಿದ್ದ ಹೈಸ್ಕೂಲಿನ ಮಕ್ಕಳಿಗೆ ಅದನ್ನು ಓದಲು ಬರಲಿಲ್ಲ. ಅವರದೆಲ್ಲ ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮ. ಆ ಐವರಲ್ಲಿ ಇಬ್ಬರು ನಮ್ಮೊಂದಿಗಿದ್ದಾರೆ. ಒಬ್ಬರಿಗೆ ಹಾಸಿಗೆ ಬಿಟ್ಟು ಏಳಲಾಗದು. ಇನ್ನೊಬ್ಬ ಅಜ್ಜಿಗೆ ಎಂಬತ್ತು ದಾಟಿದೆ, ಒಂದು ಕಣ್ಣು ಮಂಜು, ಬೆರಳು ಮಾತ್ರ ಮರೆತಿಲ್ಲ. ಮನೆಗೆ ಹೋಗಿ ತಂತಿ ಕೈಗೆ ಕೊಟ್ಟೆವು. ಸುತ್ತುತ್ತಾ ಸುತ್ತುತ್ತಾ, "ನೂಲನ್ನ ಎಳೀಬಾರ್ದು ಮಗಾ, ಕರ್ಕೊಂಡು ಬರ್ಬೇಕು" ಎಂದರು. ನಮ್ಮ ಓದಿನಲ್ಲಿ ಎಲ್ಲೂ ಸಿಗದ ಪಾಠ ಅದು. ಎಷ್ಟು ಬಿಗಿ ಎಂಬುದನ್ನು ಗೇಜಿನಲ್ಲಿ ಹೇಳಲು ಬರುವುದಿಲ್ಲ.

ಆದ್ದರಿಂದ ಪಾಲನಾ ಸಮಿತಿಯ ಮುಂದೆ ನಮ್ಮ ಬಿನ್ನಹ ಇಷ್ಟು. ಹಳೆಯ ಪೆಟ್ಟಿಗೆಯ ಹೂವನ್ನು ಕೀಳುವುದು ಬೇಡ, ಹೊಸ ನೂಲು ಸೇರಿಸುವುದೂ ಬೇಡ. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟು, ಮೇಣದಬತ್ತಿಯ ಸ್ಟ್ಯಾಂಡನ್ನು ಮಸಿ ತಾಗದಷ್ಟು ದೂರ ಸರಿಸೋಣ. ಮುಂದಿನದು ಧರ್ಮಾಧ್ಯಕ್ಷರ ಉತ್ತರ ಬಂದ ಮೇಲೆ. ಹಬ್ಬಕ್ಕೆ ಬೇಕಾದ ಹೊಸ ಹೂವನ್ನು ಪ್ರತ್ಯೇಕವಾಗಿ ಮಾಡಿ, ತೇರಿನ ಸ್ವರೂಪಕ್ಕೆ ಹೊಸ ಚೌಕಟ್ಟಿನಲ್ಲಿ ಕೂರಿಸೋಣ. ಮೆಖೆಲೆನ್ನಿನ ಭಗಿನಿಯರು ತಮ್ಮ ನಾಡು ಅರಿತ ಹೂಗಳನ್ನು ಮಾಡಿದರು. ನಾವು ಕನಕಾಂಬರ, ಮಲ್ಲಿಗೆ, ಸೇವಂತಿಗೆ ಮಾಡಬಹುದು. ಕನಕಾಂಬರದ ದಳ ತೆಳು, ಹೊಸಬರಿಗೆ ಅದೇ ಸುಲಭ ಎಂದು ಅಜ್ಜಿಯ ಅಭಿಪ್ರಾಯ. ಪ್ರತಿ ಹೂವಿನ ತೊಟ್ಟಿಗೆ ಒಂದು ಚೀಟಿ, ಅದರಲ್ಲಿ ಮಾಡಿದವರ ಹೆಸರು ಅವರವರ ಭಾಷೆಯಲ್ಲಿ. ಖರ್ಚು ಕೊಡಲು ಮುಂದೆ ಬಂದ ಕುಟುಂಬದೊಂದಿಗೂ ಮಾತಾಡಿದ್ದೇವೆ. ನೂಲು, ತಂತಿ, ಚೌಕಟ್ಟಿನ ಗಾಜು ಅವರದಾಗಲು ಒಪ್ಪಿದ್ದಾರೆ.

ತರಗತಿ ಪ್ರತಿ ಶನಿವಾರ ಸಂಜೆ ಜಪಸರದ ನಂತರ, ಅಜ್ಜಿಯ ಮನೆಯ ಜಗಲಿಯಲ್ಲಿ. ಅವರಿಗೆ ದೇವಾಲಯದವರೆಗೆ ನಡೆಯುವುದು ಕಷ್ಟ. ಯಾವ ಭಾಷೆಯ ಪೂಜೆಗೆ ಹೋಗುವವರೂ ಬರಬಹುದು, ಹುಡುಗರೂ ಬರಬೇಕು. ಸಣ್ಣ ಕತ್ತರಿ, ಇಕ್ಕುಳ, ಸ್ವೆಟರ್ ಕಡ್ಡಿ ಇದ್ದರೆ ತನ್ನಿ. ರೇಷ್ಮೆ ಬೆಳೆಯುವ ಮನೆಯವರು ಚಿಟ್ಟೆ ತೂತು ಮಾಡಿ ಹೊರಬಂದ ಗೂಡುಗಳನ್ನು ಎಸೆಯದೆ ಕೊಡಿ. ಅವುಗಳಿಂದ ನೂಲು ಬಿಚ್ಚಲಾಗದು, ಆದರೆ ಕತ್ತರಿಸಿದರೆ ಮಲ್ಲಿಗೆ ಮೊಗ್ಗಿಗೆ ಹೇಳಿ ಮಾಡಿಸಿದಂತಿರುತ್ತವೆ. ಅಜ್ಜಿಗೆ ಸಂಜೆ ಬೆಳಕು ಸಾಲದು, ಯಾರ ಮನೆಯಲ್ಲಾದರೂ ಮೇಜಿನ ದೀಪ ಇದ್ದರೆ ತಿಳಿಸಿ.